ಮೇಷ್ಟ್ರನ್ನು ಕೇಳಿ: ಫೋನ್ ಕಂಪನಿಗಳ ಪೈಪೋಟಿಯಿಂದ ಯಾರಿಗೆ ಏನು ಸಿಕ್ಕಿತು?

ಅಡ್ಮಿನ್: ಇವತ್ತು ಸಂಜೆ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಮೊಬೈಲ್ ಅಂಗಡಿ, ತಿಪಟೂರು: ನಮಸ್ಕಾರ ಸರ್. 1995ರಲ್ಲಿ ನಿಮಿಷಕ್ಕೆ 16 ರೂಪಾಯಿ, ಬಂದ ಕರೆಗೂ ದುಡ್ಡು ಅಂದರೆ ಗಿರಾಕಿಗಳು ನಗುತ್ತಾರೆ. ನಿಜ ತಾನೇ?

ಮೇಷ್ಟ್ರು: ನಿಜ. ಬಂದ ಕರೆ ಫ್ರೀ ಆಗಿದ್ದು 2003ರಲ್ಲಿ. ಮೊದಲು ಒಂದು ಸರ್ಕಲ್‌ಗೆ, ಅಂದರೆ ಹೆಚ್ಚುಕಮ್ಮಿ ಒಂದು ರಾಜ್ಯಕ್ಕೆ, ಇಬ್ಬರಿಗೆ ಮಾತ್ರ ಲೈಸೆನ್ಸ್ ಇತ್ತು. ನಮ್ಮಲ್ಲಿ ಜೆಟಿಎಂ ಮತ್ತು ಸ್ಪೈಸ್. ಕಂಪನಿಗಳು ಕೈಮೀರಿ ಬಿಡ್ ಕೂಗಿ ಲೈಸೆನ್ಸ್ ಹಿಡಿದವು, ಆಮೇಲೆ ಫೀಸು ಕಟ್ಟಲಾಗದೆ ಒದ್ದಾಡಿದವು. 1999ರ ಟೆಲಿಕಾಂ ನೀತಿ ಬಂದ ಮೇಲೆ ನಿಗದಿ ಫೀಸು ಹೋಯಿತು, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದಾಯಿತು. 2002ರಲ್ಲಿ ಬಿಎಸ್‌ಎನ್‌ಎಲ್ ಕೂಡ ಮೊಬೈಲ್‌ಗೆ ಇಳಿಯಿತು. ಆಗ ನೋಡಿ ದರ ಬಿದ್ದಿದ್ದು.

ಶಿವಮೊಗ್ಗ: ಹಾಗಾದರೆ ಈಗ ರೀಚಾರ್ಜ್ ಯಾಕೆ ಏರುತ್ತಿದೆ?

ಮೇಷ್ಟ್ರು: ಒಂದು ಕಾಲಕ್ಕೆ ಹತ್ತು ಕಂಪನಿ ಇದ್ದವು. ಈಗ ಖಾಸಗಿ ಮೂರು, ಸರ್ಕಾರದ್ದು ಒಂದು. ಪೈಪೋಟಿ ಕಮ್ಮಿ.

ಮಂಡ್ಯ: ಸರ್, ನಮ್ಮ ಗದ್ದೆಯಲ್ಲಿ ಟವರ್ ಹಾಕಿಸಿದರೆ ಬಾಡಿಗೆ ಎಷ್ಟು ಬರಬಹುದು?

ಕಾಸರಗೋಡು: ನಮ್ಮಪ್ಪ ಮೀನು ಹಿಡಿಯುತ್ತಿದ್ದರು. ಮೊಬೈಲ್ ಬಂದ ಹೊಸದರಲ್ಲಿ ಬೋಟಿನಿಂದಲೇ ದರ ವಿಚಾರಿಸುತ್ತಿದ್ದರಂತೆ. ಅದರಿಂದ ಲಾಭ ಆಗಿದ್ದು ಮೀನುಗಾರನಿಗೋ, ದಲ್ಲಾಳಿಗೋ?

ಮೇಷ್ಟ್ರು: ಇದಕ್ಕೆ ಉದ್ದ ಉತ್ತರ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದರ ಲೆಕ್ಕ ಹಾಕಿದ್ದೇ ನಿಮ್ಮ ಕಡೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಬೂತಾಯಿ ಮೀನಿನ ದರಗಳನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ವಾರವಾರವೂ ದಾಖಲಿಸಿದರು. 1997ರ ಜನವರಿ 14ರ ಬೆಳಗ್ಗೆ ವಡಗರದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಮೀನನ್ನು ಸುರಿದುಬಿಟ್ಟರು. ಅದೇ ಹೊತ್ತಿಗೆ, 15 ಕಿಲೋಮೀಟರ್ ಒಳಗಿನ ಇನ್ನೆರಡು ಮಾರುಕಟ್ಟೆಗಳಲ್ಲಿ ಕೊಳ್ಳಲು ಬಂದ 27 ಜನ ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು! ಮುಂದೆ ಟವರ್‌ಗಳು ಬಂದವು. ದಡದಿಂದ 20-25 ಕಿಲೋಮೀಟರ್ ತನಕ ಸಿಗ್ನಲ್ ಸಿಕ್ಕಿತು. ದರ ಎಲ್ಲಿದೆಯೋ ಬೋಟು ಅಲ್ಲಿಗೆ. ಮೀನು ಸುರಿಯುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ದರ ಶೇ. 4 ಇಳಿಯಿತು. ಇಬ್ಬರಿಗೂ ಹೇಗೆ ಅಂತೀರಾ? ಸುಮ್ನೆ ಹಾಳಾಗುತ್ತಿದ್ದ ಮೀನು ಸಾರಿನ ಮಡಕೆಗೆ ಬಿತ್ತಲ್ಲ! ಫೋನ್ ಇಲ್ಲದವರಿಗೂ ಒಂದಿಷ್ಟು ಲಾಭ ಆಯಿತು.

ನನಗೆ ಒಂದೇ ಅನುಮಾನ. ದಲ್ಲಾಳಿಯ ಹತ್ತಿರ ಸಾಲ ಮಾಡಿದವನು ಫೋನ್ ಇಟ್ಟುಕೊಂಡು ಏನು ಮಾಡಿಯಾನು? ನಿಮ್ಮ ತಂದೆಯವರನ್ನು ಕೇಳಿ ಹೇಳುತ್ತೀರಾ?

ಕಾಸರಗೋಡು: ಕೇಳಿದೆ ಸರ್. "ಸಾಲ ಕೊಟ್ಟವನ ಬುಟ್ಟಿ ತುಂಬಿದ ಮೇಲೆ ಫೋನು" ಅಂದರು.

ಮೇಷ್ಟ್ರು: ಅವರಿಗೆ ನನ್ನ ನಮಸ್ಕಾರ ತಿಳಿಸಿ.

ತುಮಕೂರು: ಫಾರ್ವರ್ಡ್. ಟ್ರಾಯ್ ಕಡೆಯಿಂದ ಎಲ್ಲರಿಗೂ 3 ತಿಂಗಳು ಫ್ರೀ ರೀಚಾರ್ಜ್!! ಲಿಂಕ್ ಒತ್ತಿ, 10 ಜನಕ್ಕೆ ಕಳಿಸಿ.

ಮೇಷ್ಟ್ರು: ಒತ್ತಬೇಡಿ. ಟ್ರಾಯ್ ಎಂದರೆ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ, ರೀಚಾರ್ಜ್ ಹಂಚುವ ಅಂಗಡಿಯಲ್ಲ. ನಿಮ್ಮ ನಂಬರ್ ಕಟ್ ಮಾಡುತ್ತೇವೆ ಎಂದು ಫೋನ್ ಮಾಡುವುದೂ ಇಲ್ಲ. ಎರಡು ಸಿಮ್‌ಗೆ ದಂಡ ಅಂತ 2024ರಲ್ಲಿ ಹಬ್ಬಿಸಿದಿರಿ, ಅದೂ ಸುಳ್ಳು. ಕಂಪನಿ ಸರಿಯಿಲ್ಲದಿದ್ದರೆ, ಅದೇ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗಲು, ಪೋರ್ಟ್ (PORT) ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್ಎಂಎಸ್ ಮಾಡಿ. 2011ರಿಂದ ದೇಶವಿಡೀ ಇರುವ ಸೌಲಭ್ಯ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬಿಎಸ್‌ಎನ್‌ಎಲ್ ನಿವೃತ್ತ ಲೈನ್‌ಮನ್, ಸಾಗರ: ಖಾಸಗಿಯವರನ್ನು ಹೊಗಳಿದ್ದು ಸಾಕು. ಮಳೆಗಾಲದಲ್ಲಿ ಕಂಬ ಹತ್ತಿದವರು ನಾವು.

ಬೆಂಗಳೂರು: ಗೊತ್ತು ಬಿಡಿ ಸರ್. ನಮ್ಮ ತಾತ ಲ್ಯಾಂಡ್‌ಲೈನ್‌ಗೆ ಅರ್ಜಿ ಹಾಕಿ ಏಳು ವರ್ಷ ಕಾದರು.

ಸಾಗರ: ಕಾದರೂ ಸಿಕ್ಕಿತಲ್ಲ! ನಮ್ಮ ಕಾಡಿಗೆ ಯಾವ ಖಾಸಗಿಯವನು ಬಂದ? 4ಜಿ ಕೊಡದೆ ನಮ್ಮ ಕೈಕಾಲು ಕಟ್ಟಿ ಓಡು ಅಂದರು. 78 ಸಾವಿರ ಜನ ವಿಆರ್‌ಎಸ್ ತಗೊಂಡೆವು.

ಬೆಂಗಳೂರು: ಆ ವಿಆರ್‌ಎಸ್ ದುಡ್ಡು ನಮ್ಮ ತೆರಿಗೆದು.

ಸಾಗರ: ನಾಲಿಗೆ ಹಿಡಿತದಲ್ಲಿರಲಿ ತಮ್ಮಾ.

ಮೇಷ್ಟ್ರು: ಇಬ್ಬರೂ ಸ್ವಲ್ಪ ನಿಲ್ಲಿಸಿ. ಲಾಭವಿಲ್ಲದ ಊರಿಗೆ ಪೈಪೋಟಿ ತಾನಾಗಿ ಬರುವುದಿಲ್ಲ, ಅದು ಸಾಗರದವರು ಹೇಳಿದಂತೆಯೇ. ಅದಕ್ಕೇ 2002ರಿಂದ ಕಂಪನಿಗಳ ಆದಾಯದಲ್ಲಿ ಶೇ. 5 ಹಳ್ಳಿ ಫೋನಿನ ನಿಧಿಗೆ ಹೋಗುತ್ತಿದೆ.

ಬೆಂಗಳೂರು: 2016ರಲ್ಲಿ ಜಿಯೋ ಫ್ರೀ ಕೊಟ್ಟು ಬೇರೆಯವರನ್ನು ಮುಗಿಸಿತು. ಇದೂ ಪೈಪೋಟಿನಾ?

ಮೇಷ್ಟ್ರು: ಏರ್‌ಟೆಲ್ ಇದೇ ದೂರು ಕೊಟ್ಟಿತ್ತು. 2017ರಲ್ಲಿ ಸ್ಪರ್ಧಾ ಆಯೋಗ ತಳ್ಳಿಹಾಕಿತು, ಹೊಸಬನಿಗೆ ಮಾರುಕಟ್ಟೆಯ ಮೇಲೆ ಹಿಡಿತ ಎಲ್ಲಿದೆ ಎಂದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ನಿಮ್ಮ ಕರೆ ಇನ್ನೊಂದು ಕಂಪನಿಯ ನಂಬರಿಗೆ ಹೋದರೆ ಆ ಕಂಪನಿಗೆ ನಿಮಿಷಕ್ಕೆ 14 ಪೈಸೆ ಕೊಡಬೇಕಿತ್ತು. 2017ರಲ್ಲಿ ಟ್ರಾಯ್ ಅದನ್ನು 6 ಪೈಸೆ ಮಾಡಿತು, 2021ರಿಂದ ಸೊನ್ನೆ. ಹೊರಹೋಗುವ ಕರೆ ಜಾಸ್ತಿ ಇದ್ದ ಹೊಸಬನಿಗೆ ಅನುಕೂಲ, ಹಳಬರ ಜೇಬಿಗೆ ಕತ್ತರಿ. ಇಂಥ ಪೈಸೆ ಲೆಕ್ಕ ಯಾರಿಗೂ ಬೇಡ, ಎಲ್ಲರಿಗೂ ಫ್ರೀ ಡೇಟಾ ಕಥೆಯೇ ಬೇಕು.

ಹಾಸನ: ಸರ್, ರೀಚಾರ್ಜ್ ದರ ಯಾಕೆ ಏರುತ್ತಿದೆ?

ಮೇಷ್ಟ್ರು: ಮೇಲೆ ನೋಡಿ.

ಗದಗ: ರೀಚಾರ್ಜ್ ಯಾಕ್ರೀ ಇಷ್ಟು ತುಟ್ಟಿ?

ಮೇಷ್ಟ್ರು: ಮೇಲೆ.

ತುಮಕೂರು: ಸರ್, ಆ ಲಿಂಕ್ ಆಗಲೇ ಒತ್ತಿದ್ದೆ. ಏನಾಗುತ್ತದೆ?

ಮೇಷ್ಟ್ರು: ಒಟಿಪಿ ಕೊಟ್ಟಿದ್ದೀರಾ? ದುಡ್ಡು ಹೋಗಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ. ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ.

ಸಾಗರ: ಆ ಬೆಂಗಳೂರಿನ ಹುಡುಗ ಕ್ಷಮೆ ಕೇಳಲಿ, ಇಲ್ಲ ನಾನು ಗ್ರೂಪ್ ಬಿಡುತ್ತೇನೆ.

ಮಂಡ್ಯ: ಸರ್, ಆ ಟವರ್ ವಿಷಯ...