ಸಿಸ್‌ವಿ ಇನಿಟ್: ಡೀಮನ್ ಸತ್ತರೆ ತಾನಾಗೇ ಮತ್ತೆ ಏಳಬೇಕು, ಹೇಗೆ? [ಪರಿಹಾರ ಸಿಕ್ಕಿದೆ]

ಪ್ರಶ್ನೆ:
ಸೆನ್ಸರ್‌ಗಳಿಂದ ಡೇಟಾ ಸಂಗ್ರಹಿಸುವ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಯಂತ್ರದಲ್ಲಿರುವುದು ಹಳೆಯ ಸಿಸ್‌ವಿ ಇನಿಟ್ (ಬೂಟ್ ಆಗುವಾಗ ಸರ್ವಿಸ್‌ಗಳನ್ನು ಶುರು ಮಾಡುವ ವ್ಯವಸ್ಥೆ), ಅದರ ಹೊಸ ಬದಲಿಯಾದ ಸಿಸ್ಟಮ್‌ಡಿಗೆ ಹೋಗುವ ಅವಕಾಶವಿಲ್ಲ. ಡೀಮನ್ ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್ ಆಗುತ್ತದೆ. ಕಾರಣ ಹುಡುಕುತ್ತಿದ್ದೇನೆ, ಅಲ್ಲಿಯವರೆಗೆ ಡೇಟಾ ತಪ್ಪಿಹೋಗಬಾರದು.

ಡೀಮನ್ ಶುರು ಮಾಡುವ, ನಿಲ್ಲಿಸುವ ಇನಿಟ್ ಸ್ಕ್ರಿಪ್ಟ್‌ಗೆ ಸ್ಟೇಟಸ್ ಕೇಳಿದರೆ, ಡೀಮನ್ ಸತ್ತಿದ್ದರೂ ‘ರನ್ನಿಂಗ್’ ಅನ್ನುತ್ತದೆ. ಪಿಐಡಿ (ಪ್ರೋಸೆಸ್‌ನ ಸಂಖ್ಯೆ) ಬರೆದಿಡುವ ಫೈಲ್‌ನಲ್ಲಿ 2417 ಇದೆ. ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್‌ನಲ್ಲಿ ನೋಡಿದರೆ 2417 ಯಾವುದೋ ಬೇರೆ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ)! ಇನಿಟ್‌ನ ಸೆಟ್ಟಿಂಗ್ ಫೈಲ್ ಇನಿಟ್‌ಟ್ಯಾಬ್‌ನಲ್ಲಿ ರೀಸ್ಪಾನ್ (ಸತ್ತರೆ ಮತ್ತೆ ಎಬ್ಬಿಸು) ಸಾಲು ಸೇರಿಸಿದರೆ ‘ರೀಸ್ಪಾನಿಂಗ್ ಟೂ ಫಾಸ್ಟ್, ಡಿಸೇಬಲ್ಡ್ ಫಾರ್ 5 ಮಿನಿಟ್ಸ್’ ಎಂದು ಲಾಗ್ ಬರುತ್ತದೆ.

ಉತ್ತರ 1:
ಎರಡಕ್ಕೂ ಮೂಲ ಒಂದೇ. ನಿಮ್ಮ ಡೀಮನ್ ಎರಡು ಸಲ ಫೋರ್ಕ್ ಮಾಡಿ (ತನ್ನದೇ ಪ್ರತಿಯಾದ ಮಗು ಪ್ರೋಸೆಸ್ ಹುಟ್ಟಿಸಿ) ಹಿನ್ನೆಲೆಗೆ ಸರಿಯುತ್ತದೆ. ಸ್ಕ್ರಿಪ್ಟ್ ಶುರು ಮಾಡಿದ ಪ್ರೋಸೆಸ್ ಆಗಲೇ ಮುಗಿದಿರುತ್ತದೆ, ಉಳಿಯುವುದು ಅದರ ಮೊಮ್ಮಗು. ಆ ಮೊಮ್ಮಗು ಸತ್ತರೆ ಸ್ಕ್ರಿಪ್ಟ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಪಿಐಡಿ ಫೈಲ್ ಬರೀ ಅಂದಾಜು. ಪಿಐಡಿ ಮಿತಿ ಸಾಮಾನ್ಯವಾಗಿ 32768, ಸುತ್ತಿ ಬಂದಾಗ ಅದೇ ಸಂಖ್ಯೆ ಇನ್ನೊಂದು ಪ್ರೋಸೆಸ್‌ಗೆ ಸಿಗುತ್ತದೆ. ಈ ಸ್ಥಿತಿಯಲ್ಲಿ ದಯವಿಟ್ಟು ಸ್ಟಾಪ್ ಕೊಡಬೇಡಿ, ಆ ಶೆಲ್ ಸಾಯಬಹುದು.

ರೀಸ್ಪಾನ್‌ನಲ್ಲೂ ಅಷ್ಟೇ. ಮೊದಲ ಪ್ರೋಸೆಸ್ ಮುಗಿದ ಕೂಡಲೇ ‘ಸತ್ತಿತು’ ಎಂದು ಇನಿಟ್ ಮತ್ತೆ ಎಬ್ಬಿಸುತ್ತದೆ. 2 ನಿಮಿಷದಲ್ಲಿ 10 ಸಲ ದಾಟಿದರೆ 5 ನಿಮಿಷ ಸುಮ್ಮನಾಗುತ್ತದೆ.

ಮಗು ಸತ್ತ ಸುದ್ದಿಯನ್ನು ಕರ್ನಲ್ ತಿಳಿಸುವುದು ಹೆತ್ತ ಪ್ರೋಸೆಸ್‌ಗೆ ಮಾತ್ರ. ಹಾಗಾಗಿ ಡೀಮನ್ ಹಿನ್ನೆಲೆಗೆ ಹೋಗದೆ ಮುನ್ನೆಲೆಯಲ್ಲೇ ಓಡಬೇಕು, ಸೂಪರ್‌ವೈಸರ್ (ಅದನ್ನು ಕಾಯುತ್ತಾ, ಸತ್ತರೆ ಎಬ್ಬಿಸುವ ಪ್ರೋಗ್ರಾಂ) ಅದರ ನೇರ ಪೇರೆಂಟ್ ಆಗಿರಬೇಕು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಡಿಗೆ ಇದಕ್ಕೆಂದೇ ದೊಡ್ಡಕ್ಷರದ ಡಿ ಆಯ್ಕೆ ಇದೆ, ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ‘ಡೀಮನ್ ಆಫ್’. ನಿಮ್ಮದಕ್ಕೂ ಅಂಥದ್ದೊಂದು ಆಯ್ಕೆ ಸೇರಿಸಿ.

ಆಮೇಲೆ ರನ್‌ಇಟ್ ಎಂಬ ಸೂಪರ್‌ವೈಸರ್ ಹಾಕಿ. ಇನಿಟ್ ಬದಲಿಸಬೇಕಿಲ್ಲ: ಇನಿಟ್‌ಟ್ಯಾಬ್‌ನಲ್ಲಿ ಒಂದೇ ರೀಸ್ಪಾನ್ ಸಾಲಿನಿಂದ ರನ್‌ಇಟ್‌ನ ಮುಖ್ಯ ಪ್ರೋಗ್ರಾಂ ರನ್‌ಎಸ್‌ವಿಡಿಐಆರ್ ಓಡಿಸಿದರೆ ಸಾಕು, ಉಳಿದ ಸ್ಕ್ರಿಪ್ಟ್‌ಗಳು ಹಾಗೇ ಇರಲಿ. ಪ್ರತಿ ಸರ್ವಿಸ್‌ಗೆ ಒಂದು ಡೈರೆಕ್ಟರಿ, ಅದರೊಳಗೆ ‘ರನ್’ ಎಂಬ ಚಿಕ್ಕ ಸ್ಕ್ರಿಪ್ಟ್. ಬೂಟ್‌ನಲ್ಲಿ ಇನಿಟ್ ಸ್ಕ್ರಿಪ್ಟ್ ಓಡಿಸುವ ಹಳೆಯ ಆರ್‌ಸಿ ಲಿಂಕ್‌ಗಳನ್ನು ಮರೆಯದೆ ತೆಗೆಯಿರಿ, ಇಲ್ಲವಾದರೆ ಬೂಟ್ ಆಗುವಾಗ ಎರಡೂ ಕಡೆಯಿಂದ ಡೀಮನ್ ಏಳುತ್ತದೆ.

ಪ್ರಶ್ನೆ ಕೇಳಿದವರು:
ಹಾಕಿದೆ. ಕಿಲ್ ಮಾಡಿ ನೋಡಿದೆ, ತಕ್ಷಣ ಎದ್ದು ನಿಂತಿತು! ಆದರೆ ರೀಸ್ಟಾರ್ಟ್ ಕೊಟ್ಟಾಗ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದು ಸೆಕೆಂಡಿಗೊಮ್ಮೆ ಸಾಯುತ್ತಿದೆ. ರನ್ ಸ್ಕ್ರಿಪ್ಟ್‌ನಲ್ಲಿ ಶೆಲ್ ಸಾಲು, ಕೆಳಗೆ ಡೀಮನ್ ಕಮಾಂಡ್, ಎರಡೇ ಸಾಲು.

ಉತ್ತರ 1:
ಡೀಮನ್ ಕಮಾಂಡಿಗೆ ಮೊದಲು, ಅದೇ ಸಾಲಿನಲ್ಲಿ, ‘ಎಕ್ಸೆಕ್’ ಬೇಕು. ಅದಿಲ್ಲದಿದ್ದರೆ ಸೂಪರ್‌ವೈಸರ್‌ನ ಮಗು ಶೆಲ್ ಆಗುತ್ತದೆ, ಡೀಮನ್ ಆ ಶೆಲ್‌ನ ಮಗು. ರೀಸ್ಟಾರ್ಟ್ ಕೊಟ್ಟಾಗ ಕಳಿಸುವ ಟರ್ಮ್ (ನಿಲ್ಲು ಎಂಬ) ಸಿಗ್ನಲ್ ಶೆಲ್‌ಗೆ ಹೋಗಿ ಅದೊಂದೇ ಸಾಯುತ್ತದೆ. ಹಳೆಯ ಡೀಮನ್ ಅನಾಥವಾಗಿ ಪೋರ್ಟ್ ಹಿಡಿದುಕೊಂಡೇ ಇರುತ್ತದೆ, ಹೊಸದಕ್ಕೆ ಜಾಗವಿಲ್ಲ. ಎಕ್ಸೆಕ್ ಇದ್ದರೆ ಅದೇ ಪಿಐಡಿಯಲ್ಲಿ ಶೆಲ್ ಜಾಗಕ್ಕೆ ಡೀಮನ್ ಬಂದು ಕೂರುತ್ತದೆ. ಈಗ ಉಳಿದಿರುವ ಅನಾಥವನ್ನು ಮಾತ್ರ ಕೈಯಾರೆ ಕೊಲ್ಲಿ.

ಉತ್ತರ 2:
ಓಪನ್‌ಆರ್‌ಸಿ ಎಂಬ ಇನ್ನೊಂದು ಸರ್ವಿಸ್ ವ್ಯವಸ್ಥೆ ಬಳಸುವವರಿಗೆ ಇಷ್ಟು ಕೆಲಸ ಬೇಡ, ಅದರಲ್ಲೇ ಸೂಪರ್‌ವೈಸ್-ಡೀಮನ್ ಎಂಬ ಸೂಪರ್‌ವೈಸರ್ ಇದೆ. ಫ್ರೀಬಿಎಸ್‌ಡಿಯಲ್ಲಿ ಡೀಮನ್ ಎಂಬ ಕಮಾಂಡ್‌ಗೇ ಆರ್ ಆಯ್ಕೆ ಕೊಟ್ಟರೆ ಸತ್ತದ್ದನ್ನು ಮತ್ತೆ ಎಬ್ಬಿಸುತ್ತದೆ.

ಪ್ರಶ್ನೆ ಕೇಳಿದವರು:
ಎಕ್ಸೆಕ್ ಹಾಕಿದ ಮೇಲೆ ರೀಸ್ಟಾರ್ಟ್ ಸರಿಹೋಯಿತು. ಇನ್ನೊಂದು ಸಂಶಯ: ಡೇಟಾಬೇಸ್ ಏಳುವ ಮೊದಲೇ ಇದು ಎದ್ದರೆ?

ಉತ್ತರ 1:
ರನ್‌ಇಟ್ ಅವಲಂಬನೆಗಳನ್ನು ನೋಡುವುದಿಲ್ಲ. ರನ್ ಸ್ಕ್ರಿಪ್ಟ್‌ನಲ್ಲಿ ಎಕ್ಸೆಕ್‌ಗೆ ಮೊದಲು ಡೇಟಾಬೇಸ್ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಎಕ್ಸಿಟ್ 1. ಸೂಪರ್‌ವೈಸರ್ ಒಂದು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಕಾಳಜಿ ಇರುವುದು ನಿಮ್ಮ ಮೂಲ ದೋಷದ ಬಗ್ಗೆ. ಇಷ್ಟು ಬೇಗ ಎದ್ದುಬಿಟ್ಟರೆ ಕ್ರ್ಯಾಶ್ ಆದದ್ದೇ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಡೈರೆಕ್ಟರಿಯಲ್ಲಿ ‘ಫಿನಿಶ್’ ಎಂಬ ಸ್ಕ್ರಿಪ್ಟ್ ಇಡಿ. ಡೀಮನ್ ಸತ್ತಾಗಲೆಲ್ಲ ರನ್‌ಇಟ್ ಅದಕ್ಕೆ ಎರಡು ಮೌಲ್ಯ ಕೊಡುತ್ತದೆ: ಎಕ್ಸಿಟ್ ಕೋಡ್, ಕೊಂದ ಸಿಗ್ನಲ್‌ನ ಸಂಖ್ಯೆ. ಎರಡನ್ನೂ ಸಮಯದ ಜೊತೆ ಲಾಗ್‌ಗೆ ಬರೆಯಿರಿ. ಎಕ್ಸೆಕ್‌ಗೆ ಮೊದಲು ಯುಲಿಮಿಟ್ ಕಮಾಂಡ್‌ನಿಂದ ಕೋರ್ ಫೈಲ್‌ನ (ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ಪ್ರತಿ) ಗಾತ್ರದ ಮಿತಿ ತೆಗೆಯಿರಿ. ರೂಟ್ ಅಲ್ಲದ ಬಳಕೆದಾರನ ಹೆಸರಲ್ಲಿ ಓಡಿಸುತ್ತಿದ್ದರೆ, ಕೋರ್ ಬೀಳುವ ಡೈರೆಕ್ಟರಿಯಲ್ಲಿ ಬರೆಯುವ ಅನುಮತಿಯೂ ಇರಲಿ.

ಪ್ರಶ್ನೆ ಕೇಳಿದವರು:
ಫಿನಿಶ್ ಲಾಗ್‌ನಲ್ಲಿ ಇವತ್ತು -1 ಮತ್ತು 11 ಬಂತು, ಅಂದರೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ). ಕೋರ್ ಫೈಲ್ ಕೂಡ ಸಿಕ್ಕಿದೆ. ಜಿಡಿಬಿ ಡಿಬಗ್ಗರ್‌ನಲ್ಲಿ ತೆರೆದರೆ, ಸೆನ್ಸರ್ ಖಾಲಿ ಸಾಲು ಕಳಿಸಿದಾಗ ಅದನ್ನು ಪಾರ್ಸ್ ಮಾಡುವ (ಬಿಡಿಸಿ ಓದುವ) ಫಂಕ್ಷನ್‌ಗೆ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ವಿಳಾಸ) ಹೋಗುತ್ತಿದೆ. ಈಗ ಅದನ್ನು ಸರಿಮಾಡುತ್ತಿದ್ದೇನೆ. ತುಂಬಾ ಧನ್ಯವಾದ.