ಹಡಗಿನ ಗಂಟೆ, ದ್ವೀಪದ ಗಂಟೆ

ಮೈಸೂರಿನ ಸರಸ್ವತೀಪುರಂನಲ್ಲಿರುವ ರಾಯರ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಸಂಜೆ ಸೇರುವ ನಮ್ಮ ಸಭೆಗೆ ಅಧ್ಯಕ್ಷರೂ ಇಲ್ಲ, ಕಾರ್ಯಸೂಚಿಯೂ ಇಲ್ಲ; ಪದ್ಮಮ್ಮನವರ ಕಾಫಿ ಬಂದರೆ ಕೋರಂ ಆಯಿತೆಂದು ಅರ್ಥ. ಎರಡು ತಿಂಗಳಿಂದ ಆ ಕೋರಂ ಇರಲಿಲ್ಲ. ರಾಯರು ಸಪತ್ನೀಕರಾಗಿ ಷಿಕಾಗೋದ ಮಗಳ ಮನೆಗೆ ಹೋಗಿದ್ದರು. ಮೂಗು ತನ್ನ ಜಾಗದಲ್ಲೇ ಇದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳಬೇಕಾದ ಆ ಊರಿನ ಜನವರಿಯಿಂದ ಅತ್ತೆ ಮಾವಂದಿರನ್ನು ಪಾರುಮಾಡಲು ಅಳಿಯ ಅವರನ್ನು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಕರೆದೊಯ್ದು, ಕೆರಿಬಿಯನ್ ದ್ವೀಪಗಳಿಗೆ ಹೋಗುವ ಹನ್ನೆರಡು ದಿನಗಳ ಕ್ರೂಸ್ ಹಡಗನ್ನು ಹತ್ತಿಸಿದನಂತೆ.

“ಹಡಗೆಂದರೆ ನೀವು ತಿಳಿದಿರುವ ಹಡಗಲ್ಲ, ಮೇಷ್ಟ್ರೇ,” ಎಂದು ರಾಯರು ಪೀಠಿಕೆ ಹಾಕಿದರು. “ನಮ್ಮ ಹಡಗು ಮಧ್ಯಮ ಗಾತ್ರದ್ದು. 2024ರಲ್ಲಿ ಮಯಾಮಿಯಿಂದ ಮೊದಲ ಯಾನಕ್ಕೆ ಹೊರಟ ಐಕನ್ ಆಫ್ ದಿ ಸೀಸ್ ಎಂಬ ಹಡಗಿದೆಯಲ್ಲ, ಅದರ ತೂಕ ಎರಡು ಲಕ್ಷ ನಲವತ್ತೆಂಟು ಸಾವಿರ ಟನ್ನು!”

“ತೂಕವಲ್ಲ ಸ್ವಾಮಿ,” ಎಂದು ನಿವೃತ್ತ ಇಂಜಿನಿಯರ್ ಗೌಡರು ಕಾಫಿ ಲೋಟವನ್ನು ಕೆಳಗಿಟ್ಟರು. “ಅದನ್ನು ಗ್ರಾಸ್ ಟನೇಜ್ ಎನ್ನುತ್ತಾರೆ. ಹಡಗಿನ ಒಳಗೆ ಎಷ್ಟು ಜಾಗವಿದೆಯೆಂಬುದರ ಲೆಕ್ಕ ಅದು. ಅದೇ ಲೆಕ್ಕದಲ್ಲಿ ಟೈಟಾನಿಕ್ ಸುಮಾರು ನಲವತ್ತಾರು ಸಾವಿರದ್ದು.”

“ಶುಭಪ್ರಯಾಣದ ಮಾತಾಡುವಾಗ ಆ ಹೆಸರು ಎತ್ತಬಾರದು,” ಎಂದರು ಮೇಷ್ಟ್ರು.

“ಹಡಗಿನವರೇ ಎತ್ತಿಸುತ್ತಾರೆ, ನಾನೇನು ಮಾಡಲಿ?” ಎಂದರು ರಾಯರು. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಸಮುದ್ರದಲ್ಲಿ ಪ್ರಾಣರಕ್ಷಣೆಗೆಂದು ಅಂತರರಾಷ್ಟ್ರೀಯ ಒಪ್ಪಂದವೊಂದಾಯಿತು. 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿಕೊಂಡಾಗ ಅದೇ ಸಂಜೆ ಹತ್ತಿದ ಪ್ರಯಾಣಿಕರಿಗೆ ಅಪಾಯದಲ್ಲಿ ಪಾರಾಗುವ ಕವಾಯತು ಇನ್ನೂ ಆಗಿರಲಿಲ್ಲವಾದ್ದರಿಂದ, ಈಗ ಎಲ್ಲರಿಗೂ ಕವಾಯತು ಮುಗಿಯದೆ ಹಡಗು ಹೊರಡುವುದಿಲ್ಲ. ಇದೆಲ್ಲವನ್ನೂ ರಾಯರು ಸಂಕಲ್ಪ ಹೇಳುವ ಪುರೋಹಿತರ ಗಾಂಭೀರ್ಯದಿಂದಲೇ ವಿವರಿಸಿದರು. “ಇವರು ಆ ಕವಾಯತಿಗೆ ಪಂಚೆ ಉಟ್ಟುಕೊಂಡು ಹೋಗಿದ್ದರು,” ಎಂದು ಒಳಗಿನಿಂದ ಪದ್ಮಮ್ಮನವರ ದನಿ ಕೇಳಿಸಿತು. “ಜೀವರಕ್ಷಕ ಕವಚದ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ತೋರಿಸಿಕೊಡಲು ಇಬ್ಬರು ಬೇಕಾದರು.”

ಚಳಿಗಾಲದಲ್ಲೇ ಏಕೆ ಹೋಗಬೇಕು ಎಂದು ನಾನು ಕೇಳಿದೆ. ಉತ್ತರ ಕೊಟ್ಟವರು ಗೌಡರು. ಆ ಭಾಗದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಗಾಳಿ ಹಿತ, ಸಮುದ್ರದ ನೀರು ಇಪ್ಪತ್ತಾರು ಇಪ್ಪತ್ತೇಳು ಡಿಗ್ರಿ. ಬೇಸಿಗೆಯಲ್ಲಿ ಅಲಾಸ್ಕಾದಲ್ಲೋ ಮೆಡಿಟರೇನಿಯನ್ನಿನಲ್ಲೋ ಓಡಾಡುವ ಹಡಗುಗಳಲ್ಲಿ ಎಷ್ಟೋ ಚಳಿ ಬಂದೊಡನೆ ಇತ್ತ ಬಂದು ಸೇರುತ್ತವೆ.

“ಅಂದರೆ ನಮ್ಮ ರಂಗನತಿಟ್ಟಿನ ಹಕ್ಕಿಗಳ ಹಾಗೆ,” ಎಂದರು ಮೇಷ್ಟ್ರು.

“ಹಕ್ಕಿಗಳು ಟಿಪ್ಸ್ ಕೇಳುವುದಿಲ್ಲ,” ಎಂದರು ಪದ್ಮಮ್ಮನವರು. ತಲೆಗೆ ದಿನಕ್ಕೆ ಇಷ್ಟು ಎಂದು ಹಡಗಿನವರೇ ಭಕ್ಷೀಸಿನ ಲೆಕ್ಕ ಬರೆದುಕೊಳ್ಳುತ್ತಾರೆಂಬುದನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ.

ಇನ್ನೊಂದನ್ನೂ ಅವರು ಕ್ಷಮಿಸಿರಲಿಲ್ಲ. ಅನ್ನಕ್ಕೆ ಗತಿಯಿರುವುದಿಲ್ಲವೆಂಬ ಭಯದಿಂದ ಅವರು ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಮಜ್ಜಿಗೆ ಮೆಣಸಿನಕಾಯಿಗಳ ಜೊತೆಗೆ ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರನ್ನೂ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಬೆಂಕಿಯ ಅಪಾಯವೆಂದು ಹಡಗಿನವರು ಕುಕ್ಕರನ್ನು ತೆಗೆದಿರಿಸಿಕೊಂಡು, ಇಳಿಯುವ ದಿನ ವಾಪಸು ಕೊಡುವುದಾಗಿ ಚೀಟಿ ಬರೆದುಕೊಟ್ಟರು. ಮೊದಲ ರಾತ್ರಿ ಊಟದ ಮೇಜಿನಲ್ಲಿ ಪದ್ಮಮ್ಮನವರು ಆ ಚೀಟಿಯನ್ನು ಎದುರಿಗಿಟ್ಟುಕೊಂಡು ಬ್ರೆಡ್ಡನ್ನು ದಿಟ್ಟಿಸುತ್ತಿದ್ದಾಗ, ಬಡಿಸಲು ಬಂದ ಹುಡುಗ ಒಂದು ಕ್ಷಣ ನಿಂತು, “ಅಮ್ಮಾ, ಮೊಸರನ್ನ ತಂದುಕೊಡಲೇ?” ಎಂದು ಕನ್ನಡದಲ್ಲೇ ಕೇಳಿದನಂತೆ.

ಹುಡುಗ ಕುಂದಾಪುರದ ಕಡೆಯವನು. ಎಂಟು ತಿಂಗಳ ಕರಾರು; ಅಷ್ಟೂ ದಿನ ಪೂರ್ತಿ ರಜೆಯೆಂಬುದು ಒಂದು ದಿನವೂ ಇಲ್ಲ. ಹಡಗಿನ ಕಂಪನಿ ಅಮೆರಿಕದ್ದು, ಧ್ವಜ ಬಹಾಮಾಸ್‌ನದು, ಕ್ಯಾಪ್ಟನ್ ಇಟಲಿಯವರು, ಮೊಸರನ್ನದ ಒಗ್ಗರಣೆ ಕುಂದಾಪುರದ್ದು. ಅಮೆರಿಕದ ತೆರಿಗೆ ಮತ್ತು ಕಾರ್ಮಿಕ ಕಾನೂನುಗಳ ಭಾರ ತಪ್ಪಲೆಂದೇ ಇಂತಹ ಹಡಗುಗಳನ್ನು ಪರದೇಶದ ಧ್ವಜದಡಿ ನೋಂದಾಯಿಸುತ್ತಾರೆಂದು ಗೌಡರು ಹೇಳಿದಾಗ, ಪದ್ಮಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಟಿಪ್ಸ್ ಇರಲಿ ಬಿಡಿ,” ಎಂದರು.

ಮೇಷ್ಟ್ರಿಗೆ ಊಟದ ವಿಷಯ ಮುಗಿಯಲು ಬಿಡುವ ಮನಸ್ಸಿರಲಿಲ್ಲ. ಇತಿಹಾಸ ಪಾಠ ಮಾಡಿದವರಿಗೆ ಮಜ್ಜಿಗೆ ಮೆಣಸಿನಕಾಯಿ ಒಂದು ಸುಳಿವು. “ಪದ್ಮಮ್ಮನವರೇ, ನೀವು ಆ ಮೆಣಸಿನಕಾಯಿಯನ್ನು ಅದರ ತವರಿಗೇ ಕರೆದುಕೊಂಡು ಹೋಗಿದ್ದಿರಿ. ಕೊಲಂಬಸ್ 1492ರಲ್ಲಿ ನಮ್ಮ ಕರಿಮೆಣಸನ್ನು ಹುಡುಕಿಕೊಂಡು ಹೊರಟು, ಬಹಾಮಾಸ್‌ನಲ್ಲಿ ಇಳಿದು, ಇಂಡಿಯಾ ಸಿಕ್ಕಿತೆಂದು ಹಿಗ್ಗಿದ. ಕರಿಮೆಣಸು ಸಿಗಲಿಲ್ಲ, ಅಷ್ಟೇ ಖಾರದ ಬೇರೊಂದು ಕಾಯಿ ಸಿಕ್ಕಿತು. ಸ್ಪೇನಿನವರು ಅದಕ್ಕೂ ಮೆಣಸಿನ ಹೆಸರನ್ನೇ ಅಂಟಿಸಿದರು. ಆಮೇಲೆ ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದಾಗ ನಮ್ಮ ಅಜ್ಜಿಯರೂ ಮೂಸಿ ನೋಡಿ ‘ಮೆಣಸಿನ ಕಾಯಿ’ ಎಂದೇ ಕರೆದರು.”

“ಹಾಗಾದರೆ ಬ್ಯಾಡಗಿ?” ಎಂದು ಗೌಡರು ಗಾಬರಿಯಿಂದ ಕೇಳಿದರು, ಅವರ ತಾಯಿಯ ಊರು ಹಾವೇರಿ ಜಿಲ್ಲೆಯಲ್ಲಿದೆ.

“ಬ್ಯಾಡಗಿಯ ಪೂರ್ವಜರೂ ಆ ಕಡೆಯವರೇ.”

ಗೌಡರಿಗೆ ಈ ಆಘಾತದಿಂದ ಚೇತರಿಸಿಕೊಳ್ಳಲು ಎರಡನೆಯ ಲೋಟ ಕಾಫಿ ಬೇಕಾಯಿತು. ಆ ಹೊತ್ತಿನಲ್ಲಿ ರಾಯರು ಸೇಂಟ್ ಮಾರ್ಟನ್ ದ್ವೀಪವನ್ನು ಒಂದೇ ಉಸಿರಿಗೆ ದಾಟಿಸಿದರು: ಅರ್ಧ ಫ್ರೆಂಚರದು, ಅರ್ಧ ಡಚ್ಚರದು, 1648ರಲ್ಲೇ ಪಾಲಾಗಿದೆ, ಮಾಹೋ ಬೀಚಿನಲ್ಲಿ ವಿಮಾನಗಳು ತಲೆಯ ಕೂದಲನ್ನು ಬಾಚಿಕೊಂಡು ಹೋಗುವಷ್ಟು ತಗ್ಗಿನಲ್ಲಿ ಇಳಿಯುತ್ತವೆ, ತಮ್ಮ ತಲೆಯಲ್ಲಿ ಬಾಚುವುದಕ್ಕೇನೂ ಇಲ್ಲದ್ದರಿಂದ ತಮಗೆ ಹೇಳಿಕೊಳ್ಳುವಂಥ ಅನುಭವವಾಗಲಿಲ್ಲ. ಅವರ ಮನಸ್ಸೆಲ್ಲ ಆಂಟಿಗಾದಲ್ಲಿತ್ತು.

ಆಂಟಿಗಾದಲ್ಲಿ ವರ್ಷದ ದಿನಕ್ಕೊಂದರಂತೆ 365 ಬೀಚುಗಳಿವೆಯೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಮಗಳು, ಅಳಿಯ, ಮೊಮ್ಮಕ್ಕಳು, ಪದ್ಮಮ್ಮನವರು ಅವುಗಳಲ್ಲೊಂದಕ್ಕೆ ಹೋದರು. ರಾಯರು ಮಾತ್ರ ಸೇಂಟ್ ಜಾನ್ಸ್ ಬಂದರಿನಲ್ಲಿ ಇಳಿದವರು ಟ್ಯಾಕ್ಸಿಯವರ ಕೂಗಿಗೆ ಕಿವಿಗೊಡದೆ ನಡೆದುಕೊಂಡೇ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಎಂಬ ಹಳೆಯ ಕ್ರಿಕೆಟ್ ಮೈದಾನಕ್ಕೆ ಹೋದರು.

“ಅಲ್ಲಿ ಏನಿದೆ?” ಎಂದು ಕೇಳಿ ನಾನು ತಪ್ಪು ಮಾಡಿದೆ.

“ಏನಿದೆಯೇ? ವೆಸ್ಟ್ ಇಂಡೀಸಿನ ರಿಚರ್ಡ್ಸ್ 1986ರಲ್ಲಿ 56 ಚೆಂಡುಗಳಲ್ಲಿ ಶತಕ ಬಾರಿಸಿದ್ದು ಅಲ್ಲಿ. ಲಾರಾ 375 ಹೊಡೆದದ್ದೂ ಅಲ್ಲಿ, ಹತ್ತು ವರ್ಷದ ಮೇಲೆ 400 ಹೊಡೆದದ್ದೂ ಅಲ್ಲಿ. ಅದೆಲ್ಲ ಹಾಗಿರಲಿ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ತಲೆಸುತ್ತ ಬ್ಯಾಂಡೇಜು ಕಟ್ಟಿಕೊಂಡು ಬಂದು, ಹದಿನಾಲ್ಕು ಓವರು ಬೌಲ್ ಮಾಡಿ, ಲಾರಾನನ್ನು ಎಲ್‌ಬಿಡಬ್ಲ್ಯು ಮಾಡಿದ ಮಣ್ಣು ಅದು! ಆ ಪಂದ್ಯದಲ್ಲಿ ವಿಕೆಟ್‌ಕೀಪರ್ ಸೇರಿದಂತೆ ನಮ್ಮ ಹನ್ನೊಂದು ಜನರೂ ಬೌಲ್ ಮಾಡಿದರು. ಯಾವ ಬೀಚಿನಲ್ಲಿ ಇದು ಸಿಗುತ್ತದೆ?”

ದೊಡ್ಡ ಪಂದ್ಯಗಳಿಗೆಂದು 2007ರಲ್ಲಿ ಊರಾಚೆ ರಿಚರ್ಡ್ಸ್ ಹೆಸರಿನ ಹೊಸ ಕ್ರೀಡಾಂಗಣವಾದ ಮೇಲೆ ಹಳೆಯ ಮೈದಾನದ ವೈಭವ ಇಳಿದಿದೆ. ರಾಯರು ನೋಡಿದಾಗ ಅಲ್ಲಿ ಫುಟ್‌ಬಾಲಿನ ಗೋಲು ಕಂಬಗಳಿದ್ದವು. ಸ್ಟ್ಯಾಂಡಿನ ನೆರಳಿನಲ್ಲಿ ಒಬ್ಬ ಮುದುಕ ಕಿತ್ತಳೆ ಸುಲಿಯುತ್ತ ಕುಳಿತಿದ್ದ. ರಾಯರ ಬ್ಯಾಂಕಿನ ಇಂಗ್ಲಿಷು ಅವನಿಗೆ ಅರ್ಥವಾಗಲಿಲ್ಲ, ಅವನ ಇಂಗ್ಲಿಷಿನಲ್ಲಿ ರಾಯರಿಗೆ ಅರ್ಥವಾದದ್ದು ಪ್ರತಿ ವಾಕ್ಯದ ಕೊನೆಯ ‘ಮ್ಯಾನ್’ ಒಂದೇ. ಕೊನೆಗೆ ರಾಯರು ಕರವಸ್ತ್ರವನ್ನು ಬಿಚ್ಚಿ ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಕಟ್ಟಿಕೊಂಡು, ಬಲಗೈ ಎತ್ತಿ, ಚೆಂಡು ಹಾಕುವ ಭಂಗಿಯಲ್ಲಿ ನಿಂತರು. ಮುದುಕ ಕಿತ್ತಳೆಯನ್ನು ಬಿಟ್ಟು ಎದ್ದು, “ಕೂಂಬ್ಲೇ!” ಎಂದು ಕೂಗಿ, ಹಾಗಲ್ಲವೆಂಬಂತೆ ತಲೆಯಾಡಿಸಿ, ರಾಯರ ತೋಳನ್ನು ಹಿಡಿದು ಇನ್ನೂ ಸ್ವಲ್ಪ ಮೇಲೆತ್ತಿ ಸರಿಪಡಿಸಿದನಂತೆ. ಇದನ್ನು ಹೇಳುವಾಗ ರಾಯರು ಎದ್ದು ಮತ್ತೊಮ್ಮೆ ಮಾಡಿ ತೋರಿಸಿದರು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಅನರ್ಥ ನಡೆದದ್ದು ಅನಂತರ. ಬಂದರಿಗೆ ಹಿಂತಿರುಗುವ ದಾರಿಯಲ್ಲಿ ಅಂಗಡಿಯೊಂದರ ಗೋಡೆಯ ಗಡಿಯಾರ ನೋಡಿದರೆ ಅದು ರಾಯರ ಎಚ್‌ಎಂಟಿಗಿಂತ ಒಂದು ಗಂಟೆ ಮುಂದಿತ್ತು. ನಲವತ್ತು ವರ್ಷ ಬ್ಯಾಂಕಿನ ಬಾಗಿಲು ತೆರೆಸಿದ ಗಡಿಯಾರ ಮೊದಲ ಬಾರಿಗೆ ಕೈಕೊಟ್ಟಿತೆಂದು ಅವರು ಬಹಳ ನೊಂದುಕೊಂಡೇ ಮುಳ್ಳನ್ನು ತಿರುಗಿಸಿ ಸರಿಮಾಡಿದರು. ನಾಲ್ಕೂವರೆಯೊಳಗೆ ಎಲ್ಲರೂ ಹಡಗಿನೊಳಗಿರಬೇಕೆಂಬ ಆಜ್ಞೆಯಿತ್ತು. ಈಗ ನಾಲ್ಕು ಇಪ್ಪತ್ತು! ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ರಾಯರು ಓಡಿದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಚೀಲ, ಕೊರಳಲ್ಲಿ ಆ ಬ್ಯಾಂಡೇಜಿನ ಕರವಸ್ತ್ರ. ಮೇಲಿನ ಬಾಲ್ಕನಿಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ದ್ವಾರದಲ್ಲಿದ್ದ ಕಾವಲುಗಾರ ನೀರು ಕುಡಿಸಿ, ಹಡಗು ಫ್ಲಾರಿಡಾದ ಸಮಯವನ್ನೇ ಇಟ್ಟುಕೊಂಡಿದೆಯೆಂದೂ, ಚಳಿಗಾಲದಲ್ಲಿ ಈ ದ್ವೀಪಗಳು ಫ್ಲಾರಿಡಾಕ್ಕಿಂತ ಒಂದು ಗಂಟೆ ಮುಂದಿರುತ್ತವೆಯೆಂದೂ, ಅವರಿಗೆ ಇನ್ನೂ ಸುಮಾರು ಒಂದು ಗಂಟೆ ಸಮಯವಿದೆಯೆಂದೂ ತಿಳಿಸಿದನು.

“ಎಚ್‌ಎಂಟಿ ಸರಿಯಾಗಿಯೇ ಇತ್ತು,” ಎಂದರು ರಾಯರು. ಈ ಕಥೆಯಲ್ಲಿ ಅವರಿಗೆ ಮುಖ್ಯವೆನಿಸಿದ್ದು ಇಷ್ಟೇ.

ಸೇಂಟ್ ಲೂಸಿಯಾದ ಪಿಟಾನ್ ಶಿಖರಗಳನ್ನು ಅವರು ಕಾಲುನೋವಿನಿಂದಾಗಿ ಹಡಗಿನಿಂದಲೇ ನೋಡಿದರು. ಬಾರ್ಬಡೋಸಿನ ಮಾರುಕಟ್ಟೆಯಲ್ಲಿ ಪದ್ಮಮ್ಮನವರಿಗೆ ಜೀಗುಜ್ಜೆ ಕಂಡಿತಂತೆ. ಮಂಗಳೂರಿನವರು ಪೋಡಿ ಮಾಡುವ ಅದೇ ದೀವಿಹಲಸು! ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಬ್ಲೈ ಎಂಬ ಕ್ಯಾಪ್ಟನ್ ಅದರ ಸಸಿಗಳನ್ನು ತಾಹಿತಿಯಿಂದ ತರಲು ಹೋಗಿ, 1789ರಲ್ಲಿ ತನ್ನ ಹಡಗು ಬೌಂಟಿಯನ್ನೇ ದಂಗೆಯಲ್ಲಿ ಕಳೆದುಕೊಂಡು, ಮತ್ತೆ ಹೊರಟು 1793ರಲ್ಲಿ ಈ ಸೀಮೆಗೆ ಮುಟ್ಟಿಸಿದನೆಂದು ಮೇಷ್ಟ್ರು ಹೇಳಿದರು. “ಕುಕ್ಕರು ಕಿತ್ತುಕೊಂಡರೆ ದಂಗೆ ಏಳದೆ ಇನ್ನೇನು?” ಎಂದರು ಪದ್ಮಮ್ಮನವರು.

ಆದರೆ ಅವರ ಮೆಚ್ಚಿನ ದ್ವೀಪ ಗ್ರೆನಡಾ. ಆ ದೇಶದ ಧ್ವಜದ ಮೇಲೆಯೇ ಜಾಯಿಕಾಯಿ ಇದೆ. ಸೇಂಟ್ ಜಾರ್ಜಸ್‌ನ ಸಂತೆಯಲ್ಲಿ ಒಬ್ಬ ಹೆಂಗಸು ಹಳದಿ ಹಣ್ಣನ್ನು ಎರಡು ಹೋಳು ಮಾಡಿ, ಕಪ್ಪು ಬೀಜಕ್ಕೆ ಬಲೆಯ ಹಾಗೆ ಅಂಟಿಕೊಂಡ ಕೆಂಪು ಜಾಪತ್ರೆಯನ್ನು ತೋರಿಸಿ, ಇದೇನೆಂದು ಗೊತ್ತೇ ಎಂದು ಕೇಳಿದಳು. ಪದ್ಮಮ್ಮನವರು ಎಡ ಅಂಗೈಯನ್ನು ತೇಯುವ ಕಲ್ಲು ಮಾಡಿಕೊಂಡು, ಬಲಗೈಯಲ್ಲಿ ಕಾಯಿಯನ್ನು ಎರಡು ಸುತ್ತು ತೇಯ್ದು, ಬೆರಳ ತುದಿಯನ್ನು ಮಗುವಿನ ನಾಲಗೆಗೆ ಸವರುವಂತೆ ಗಾಳಿಯಲ್ಲಿ ಸವರಿ ತೋರಿಸಿದರು. ಆ ಹೆಂಗಸು ನಕ್ಕು ಎರಡು ಕಾಯಿಗಳನ್ನು ಹೆಚ್ಚಿಗೆ ಹಾಕಿದಳಂತೆ. “ಐದು ನಿಮಿಷದಲ್ಲಿ ನಮಗೆ ಎಲ್ಲಾ ಅರ್ಥವಾಯಿತು. ಇವರ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕಾಗಲಿಲ್ಲ.”

“ಒಟ್ಟು ಎಷ್ಟು ಖರ್ಚಾಯಿತು?” ಎಂದು ಮೇಷ್ಟ್ರು ಕೊನೆಗೂ ಕೇಳಿದರು. ಎಲ್ಲರೂ ಕಾಯುತ್ತಿದ್ದ ಪ್ರಶ್ನೆ ಅದು.

ಟಿಕೆಟ್ ಅಳಿಯನದು, ಊಟ ಅದರಲ್ಲೇ ಸೇರಿತ್ತು ಎಂದು ರಾಯರು ಜಾರಿಕೊಳ್ಳಲು ನೋಡಿದರು. ಪದ್ಮಮ್ಮನವರು ಒಳಗೆ ಹೋಗಿ ಒಂದು ಲಕೋಟೆ ತಂದರು. ಹಡಗಿನವರು ಹೆಜ್ಜೆಹೆಜ್ಜೆಗೂ ಫೋಟೋ ತೆಗೆದು ಸಂಜೆ ಮಾರಾಟಕ್ಕಿಡುತ್ತಾರೆ. ಹನ್ನೆರಡು ದಿನಗಳಲ್ಲಿ ರಾಯರು ಸ್ವಂತ ದುಡ್ಡಿನಲ್ಲಿ ಕೊಂಡದ್ದು ಅದೊಂದೇ, ಇಪ್ಪತ್ತೈದು ಡಾಲರು. ಫೋಟೋದಲ್ಲಿ ರಾಯರ ಎರಡು ಪಾದಗಳೂ ನೆಲ ಬಿಟ್ಟಿದ್ದವು. ಅವರ ಹಿಂದೆ, ಖಾಲಿ ಬಂದರುಕಟ್ಟೆಯ ಬೆಂಚಿನ ಮೇಲೆ, ಅವರದೇ ಹಡಗಿನ ಪಾಸನ್ನು ಕೊರಳಿಗೆ ಹಾಕಿಕೊಂಡ ದಂಪತಿಗಳಿಬ್ಬರು ನಿಧಾನವಾಗಿ ಐಸ್‌ಕ್ರೀಮ್ ತಿನ್ನುತ್ತ ಅವರನ್ನೇ ನೋಡುತ್ತಿದ್ದರು.