ಅವ್ವ ಒಂದು ಸಲವೂ ನುಂಗದ ಗುಳಿಗೆಗೆ ರಿಪೋರ್ಟಿನಲ್ಲಿ ‘ಆರ್’ ಯಾಕೆ?

ಹಳೇ ಹುಬ್ಬಳ್ಳಿ ಹುಡುಗ:
ನಮ್ಮ ಅವ್ವನಿಗೆ 62. ಹೋದ ವಾರ ಉರಿಮೂತ್ರ ಶುರುವಾಯಿತು. ಹಿಂದೆ ಹಲ್ಲುನೋವಿಗೆ ತಂದು ಉಳಿದಿದ್ದ 625 ಅನ್ನೋ ಆಂಟಿಬಯೋಟಿಕ್ ಗುಳಿಗೆಯನ್ನು ಅಡುಗೆಮನೆ ಡಬ್ಬಿಯಿಂದ ತೆಗೆದು, ಯಾರಿಗೂ ಹೇಳದೆ ನಾಲ್ಕು ನುಂಗಿದ್ದಾಳೆ. ಉರಿ ಹೋಗಲಿಲ್ಲ. ಆಮೇಲೆ ಡಾಕ್ಟರು ಯೂರಿನ್ ಕಲ್ಚರ್ ಮಾಡಿಸಿದರು. ಮೂರನೇ ದಿನ ರಿಪೋರ್ಟ್ ಬಂತು. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ, ಕೆಳಗೆ ‘ಇಎಸ್‌ಬಿಎಲ್’ ಅಂತ ಬರೆದಿದೆ. ಉದ್ದಕ್ಕೆ ಔಷಧಿ ಹೆಸರು, ಪಕ್ಕದಲ್ಲಿ ಎಸ್ (ಔಷಧಿ ನಾಟುತ್ತದೆ) ಅಥವಾ ಆರ್ (ನಾಟಲ್ಲ). 625ರಲ್ಲಿರುವ ಔಷಧಿಗೆ ಆರ್. ಹೋಗಲಿ, ಅದನ್ನು ನುಂಗಿದ್ದಳು. ಆದರೆ ಇನ್ನೊಂದು ಆಂಟಿಬಯೋಟಿಕ್ ಸಿಪ್ರೋಫ್ಲಾಕ್ಸಾಸಿನ್‌ಗೂ ಆರ್! ನನಗೆ ಗೊತ್ತಿರುವ ಮಟ್ಟಿಗೆ ಅದನ್ನು ಅವ್ವ ಜನ್ಮದಲ್ಲಿ ನುಂಗಿಲ್ಲ. ನಮ್ಮ ಮಾವ ಮಾತ್ರ ‘ಆಕಿ ಮೈಗೆ ಗುಳಿಗಿ ರೂಢಿ ಆಗ್ಯಾವ, ಪವರ್ ಜಾಸ್ತಿ ಇರೋದು ಕೊಡಸು’ ಅಂತ ಕೂತಿದ್ದಾನೆ. ಈಗ ಡಾಕ್ಟರು ನೈಟ್ರೋಫ್ಯುರಾಂಟೊಯಿನ್ ಅನ್ನೋ ಬೇರೆ ಆಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ. ಉರಿ ಕಡಿಮೆ ಆಗಿದೆ. ಇದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ಗದಗಿನ ಲ್ಯಾಬ್ ಅಕ್ಕ:
ತಮ್ಮಾ, ನಾನು ದಿನಾ ಈ ಪ್ಲೇಟ್ ನೋಡುವವಳು. ನಿಮ್ಮ ಮಾವನಿಗೆ ಒಂದೇ ಮಾತು ಹೇಳು, ಆ ಪ್ಲೇಟಿನ ಮೇಲೆ ನಿಮ್ಮವ್ವನ ಮೈ ಇರಲ್ಲ! ಮೂತ್ರದಿಂದ ಬೆಳೆಸಿದ ಕ್ರಿಮಿಯನ್ನು ಅಂಟಿನಂಥ ಆಹಾರದ ಮೇಲೆ ತೆಳ್ಳಗೆ ಸವರಿ, ಔಷಧಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಡ್ತೀವಿ. ಬೆಳಗ್ಗೆ ತೆಗೆದರೆ ಪ್ಲೇಟಿನ ತುಂಬಾ ಮಬ್ಬು ಮಬ್ಬು ಬೆಳೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ಖಾಲಿ ವೃತ್ತ. ಅದನ್ನು ಸ್ಕೇಲ್ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯೋದು. ಸಾಕಷ್ಟು ಅಗಲ ಇದ್ದರೆ ಎಸ್. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಆರ್. ರೂಢಿ ಆಗಿರೋದು ಮೈಗಲ್ಲ. ಹಾಗೆ ನೋಡಿದರೆ ‘ರೂಢಿ’ ಅನ್ನೋ ಮಾತೇ ಸರಿ ಇಲ್ಲ.

625 ಅಂದರೆ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಸಿಡ್. ಅಮಾಕ್ಸಿಸಿಲಿನ್ ಪೆನಿಸಿಲಿನ್ ಮನೆತನದ್ದು. ಬ್ಯಾಕ್ಟೀರಿಯಾ ಮೈಸುತ್ತ ಒಂದು ಗೋಡೆ ಇರುತ್ತದೆ, ನಮ್ಮ ಜೀವಕೋಶಕ್ಕೆ ಅಂಥದ್ದು ಇಲ್ಲ. ಆ ಗೋಡೆಯ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಕಿಣ್ವದ ಕೈಯನ್ನು ಈ ಔಷಧಿ ಕಟ್ಟಿಹಾಕುತ್ತದೆ. ಗೋಡೆ ಸಡಿಲ ಆಗಿ, ನೀರು ನುಗ್ಗಿ, ಕ್ರಿಮಿ ಒಡೆದು ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಕೆಲವು ಕ್ರಿಮಿಗಳ ಹತ್ತಿರ ಔಷಧಿಯನ್ನೇ ಕತ್ತರಿಸುವ ಕಿಣ್ವ ಇದೆ, ಬೀಟಾ ಲ್ಯಾಕ್ಟಮೇಸ್. ಇದು ಇತ್ತೀಚಿನದ್ದೂ ಅಲ್ಲ. 1940ರಲ್ಲೇ, ಪೆನಿಸಿಲಿನ್ ಇನ್ನೂ ಜನರ ಕೈಗೆ ಸಿಗುವ ಮೊದಲೇ, ಇಂಥ ಕಿಣ್ವದ ಬಗ್ಗೆ ಏಬ್ರಹಾಂ ಮತ್ತು ಚೈನ್ ಅನ್ನೋ ವಿಜ್ಞಾನಿಗಳು ಬರೆದಿದ್ದರು. ಗುಳಿಗೆಯಲ್ಲಿರುವ ಕ್ಲಾವುಲಾನಿಕ್ ಆಸಿಡ್ ತಾನೇ ಆ ಕತ್ತರಿಗೆ ಸಿಕ್ಕಿಹಾಕಿಕೊಂಡು ಅಮಾಕ್ಸಿಸಿಲಿನ್‌ಗೆ ದಾರಿ ಬಿಡಿಸಬೇಕು. ಇಎಸ್‌ಬಿಎಲ್ ಅಂದರೆ ಆ ಕತ್ತರಿಯ ದೊಡ್ಡಣ್ಣ, ಇನ್ನೊಂದು ಗುಂಪಿನ ಆಂಟಿಬಯೋಟಿಕ್ ಆದ ಸೆಫಲೋಸ್ಪೊರಿನ್‌ಗಳನ್ನೂ ಬಿಡಲ್ಲ. ನಿಮ್ಮವ್ವನ ವಿಷಯದಲ್ಲಿ ಕ್ಲಾವುಲಾನಿಕ್ ಕೈಯಲ್ಲೂ ಆಗಿಲ್ಲ.

ಹತ್ತಿ ಹೊಲ, ಹಾವೇರಿ:
ಅಕ್ಕಾರೇ, ಇದು ನಮ್ಮ ಹತ್ತಿ ಕಥೆಯೇ ಆಯಿತಲ್ಲ. 2002ರಲ್ಲಿ, ಗಿಡದೊಳಗೇ ಹುಳಕ್ಕೆ ವಿಷ ಇರುವ ಬಿಟಿ ಬೀಜ ಬಂದಾಗ ಕಾಯಿಕೊರಕದ ಕಾಟ ಮುಗಿಯಿತು ಅಂದಿದ್ದರು. ಈಗ ಗುಲಾಬಿ ಹುಳ ಬಿಟಿ ಕಾಯಿಯೊಳಗೇ ಆರಾಮಾಗಿ ಕೂತಿರುತ್ತದೆ. ಹುಳ ವಿಷ ತಿಂದು ತಿಂದು ಕಲಿಯಿತು ಅಂತ ನಾವು ಅಂತೀವಿ. ಅದೂ ತಪ್ಪಾ?

ಗದಗಿನ ಲ್ಯಾಬ್ ಅಕ್ಕ:
ತಪ್ಪೇ ಅಣ್ಣಾರೇ, ಆದರೆ ಎಲ್ಲರೂ ಮಾಡುವ ತಪ್ಪು. ಇ. ಕೋಲೈಗೆ ಅನುಕೂಲ ಇದ್ದರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. 8 ತಾಸಿಗೆ ಒಂದೂವರೆ ಕೋಟಿ ದಾಟಿತು. ಅಷ್ಟು ಸಲ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಯಾವುದೋ ಒಂದು ತಪ್ಪು ಔಷಧಿಯಿಂದ ಪಾರು ಮಾಡುವಂಥದ್ದು ಆಗಿಬಿಡುತ್ತದೆ. ಔಷಧಿ ಬರುವ ಮೊದಲೇ ಅಂಥವು ಗುಂಪಿನಲ್ಲಿ ಇರುತ್ತವೆ. ಲೂರಿಯಾ, ಡೆಲ್‌ಬ್ರುಕ್ ಅಂತ ಇಬ್ಬರು ಇದೇ ಇ. ಕೋಲೈ ಇಟ್ಟುಕೊಂಡು, ಅದನ್ನು ಕೊಲ್ಲುವ ವೈರಸ್ ಬಿಟ್ಟು, 1943ರಲ್ಲಿ ಇದನ್ನು ತೋರಿಸಿದರು. ಔಷಧಿ ಯಾವ ಕ್ರಿಮಿಗೂ ಪಾಠ ಹೇಳಲ್ಲ. ಉಳಿದವನ್ನು ಕೊಂದು, ಬದುಕುವಂಥದ್ದಕ್ಕೆ ಹೊಲ ಖಾಲಿ ಮಾಡಿಕೊಡುತ್ತದೆ.

ನಿಮ್ಮ ಹುಳಕ್ಕೂ ನನ್ನ ಕ್ರಿಮಿಗೂ ಒಂದು ವ್ಯತ್ಯಾಸ ಇದೆ. ಹುಳ ತನ್ನ ಮರಿಗಳಿಗೆ ಮಾತ್ರ ಕೊಟ್ಟೀತು. ಬ್ಯಾಕ್ಟೀರಿಯಾ ಪಕ್ಕದವನಿಗೂ ಕೊಡುತ್ತದೆ, ಬೇರೆ ಜಾತಿಯದ್ದಾದರೂ ಸರಿ. ಪ್ಲಾಸ್ಮಿಡ್ ಅಂತ ಡಿಎನ್‌ಎಯ ಸಣ್ಣ ಬಳೆ ಇರುತ್ತದೆ, ಅದರ ನಕಲು ಮಾಡಿ ದಾಟಿಸುತ್ತದೆ. ಒಂದೇ ಬಳೆಯಲ್ಲಿ ನಾಲ್ಕೈದು ಔಷಧಿ ತಡೆಯುವ ಜೀನ್ ಇರಬಹುದು. ತಮ್ಮಾ, ಸಿಪ್ರೋ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಿಪ್ರೋ ಗೋಡೆಗೆ ಹೋಗಲ್ಲ, ಡಿಎನ್‌ಎ ಹುರಿ ಬಿಚ್ಚುವ ಗೈರೇಸ್ ಅನ್ನೋ ಕಿಣ್ವವನ್ನು ಹಿಡಿಯುತ್ತದೆ. ಸಾಮಾನ್ಯವಾಗಿ ಆ ಗೈರೇಸ್‌ನ ಆಕಾರವೇ ಚೂರು ಬದಲಾಗಿ, ಔಷಧಿ ಸರಿಯಾಗಿ ಕೂರಲ್ಲ. ಅದಕ್ಕೆ ಪ್ಲಾಸ್ಮಿಡ್ ಕತ್ತರಿ ಸೇರಿದರೆ ಎರಡೂ ಇರುವ ತಳಿ ಆಯಿತು. ಆ ತಳಿ ಎಲ್ಲಿಂದಲೋ ನೀರಲ್ಲೋ ಊಟದಲ್ಲೋ ಕರುಳಿಗೆ ಬಂದು ಕೂತಿರುತ್ತದೆ. ಅವ್ವ ಸಿಪ್ರೋ ನುಂಗಿರಲೇಬೇಕು ಅಂತೇನಿಲ್ಲ.

ಎರಡು ಎಮ್ಮೆ, ಧಾರವಾಡ:
ಸ್ವಲ್ಪ ದಾರಿ ತಪ್ಪುತ್ತೇನೆ. ನಮ್ಮ ಒಂದು ಎಮ್ಮೆಗೆ ಕೆಚ್ಚಲು ಬಾವು ಬಂದು, ಮೊಲೆಯೊಳಗೇ ಆಂಟಿಬಯೋಟಿಕ್ ಟ್ಯೂಬ್ ಹಾಕಿದ್ದರು. ಹಾಲು ಇಷ್ಟು ದಿನ ಬಳಸಬೇಡಿ ಅಂದಿದ್ದರು. ಮನೆಯವಳಿಗೆ ಹೇಳೋದು ಮರೆತೆ. ರಾತ್ರಿ ಹೆಪ್ಪು ಹಾಕಿದಳು, ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ. ಹೆಪ್ಪು ಹಳೇದು ಅಂತ ಪಕ್ಕದ ಮನೆಯಿಂದ ತಂದು ಮತ್ತೆ ಹಾಕಿದಳು. ಆಗಲೂ ಕೂಡಲಿಲ್ಲ! ಮೊಸರು ಮಾಡುವುದೂ ಬ್ಯಾಕ್ಟೀರಿಯಾ ತಾನೇ. ಒಳ್ಳೇದು ಕೆಟ್ಟದ್ದು ಅಂತ ಔಷಧಿ ನೋಡಲ್ಲ ಅನ್ನೋದು ಅವತ್ತು ಪಾತೇಲಿಯಲ್ಲೇ ಕಂಡಿತು. ಹೆಂಡತಿಯ ಬೈಗುಳ ಬೇರೆ.

ರಾಣೆಬೆನ್ನೂರು ಮೆಡಿಕಲ್:
ಅಂಗಡಿಯಲ್ಲಿ ಕೂತವನ ಕಷ್ಟ ಕೇಳಿ. ‘ನೆಗಡಿ ಬಂದೇತಿ, ಎರಡು ಗುಳಿಗಿ ಕೊಡ್ರಿ, ಪೂರಾ ಪಟ್ಟಿ ಬ್ಯಾಡ’ ಅಂತಾರೆ. ನೆಗಡಿ ವೈರಸ್, ಅದಕ್ಕೆ ಗೋಡೆಯೇ ಇಲ್ಲ. ಪಟ್ಟಿಯ ಮೇಲೆ ಕೆಂಪು ಗೆರೆ ಇರೋದು ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಅಂತ, ಅದನ್ನು ತೋರಿಸಿದರೆ ಡಿಸೈನ್ ಅಂದುಕೊಳ್ತಾರೆ. ಸೆಫಿಕ್ಸಿಮ್ ಥರದ ಆಂಟಿಬಯೋಟಿಕ್‌ಗೆ 2014ರಿಂದ ಎಚ್1 ನಿಯಮ ಇದೆ, ಯಾರು ಬರೆದರು, ಯಾರಿಗೆ ಕೊಟ್ಟೆ ಅಂತ ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗ್ತಾರೆ. ಎಲ್ಲರೂ ಕೋರ್ಸ್ ಮುಗಿಸಿದ್ದರೆ ಈ ಗತಿ ಬರುತ್ತಿರಲಿಲ್ಲ.

ಗದಗಿನ ಲ್ಯಾಬ್ ಅಕ್ಕ:
ಕೋರ್ಸ್ ವಿಷಯದಲ್ಲಿ ನನ್ನದು ಚೂರು ತಕರಾರು. ಟಿಬಿಗೆ ತಿಂಗಳುಗಟ್ಟಲೆ ಬೇಕು, ನಡುವೆ ಬಿಟ್ಟರೆ ಕೆಟ್ಟಿತು. ಆದರೆ ಎಲ್ಲದಕ್ಕೂ ಜಾಸ್ತಿ ದಿನ ನುಂಗಿದಷ್ಟೂ ಒಳ್ಳೇದು ಅಂತಲ್ಲ. ಹೊಟ್ಟೆಯಲ್ಲಿ ಸುಮ್ನೆ ಇರುವ ಕ್ರಿಮಿಗಳೂ ಅಷ್ಟು ದಿನ ಔಷಧಿ ಕುಡಿಯುತ್ತವಲ್ಲ. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಬೇಕು, ನಾವೇ ಕಡಿಮೆ ಮಾಡೋದೂ ಬೇಡ, ಎಳೆಯೋದೂ ಬೇಡ.

ಹಳೇ ಹುಬ್ಬಳ್ಳಿ ಹುಡುಗ:
ಅಕ್ಕಾ, ತುಂಬಾ ಉಪಕಾರ ಆಯಿತು. ಇವತ್ತು ಮೂತ್ರ ಕಂದು ಬಣ್ಣಕ್ಕೆ ತಿರುಗಿದೆ ಅಂತ ಅವ್ವ ಹೆದರಿದ್ದಳು. ಡಾಕ್ಟರಿಗೆ ಫೋನ್ ಮಾಡಿದೆ, ಆ ಗುಳಿಗೆಗೆ ಹಾಗೆ ಆಗುತ್ತದೆ ಅಂದರು. ಪ್ಲೇಟಿನ ಮಾತು ಮಾವನಿಗೆ ಹೇಳಿದೆ, ಸುಮ್ಮನಾದ. ಡಬ್ಬಿಯಲ್ಲಿ ಇನ್ನೂ ಎರಡು 625 ಇವೆ. ಎಸೆಯೋಣ ಅಂದರೆ ಅವ್ವ, ‘ದುಡ್ಡು ಕೊಟ್ಟು ತಂದದ್ದಪಾ, ಎದುರು ಮನಿಯಾಕಿಗೆ ಹಲ್ಲು ನೋಯ್ತದಂತ, ಕೊಟ್ಟು ಬರ್ಲೇನು?’ ಅಂತಿದ್ದಾಳೆ.